ಊಟದಿಂದ ಹಲವರಿಗೆ ಕಾಯಿಲೆ: ಅಚಾತುರ್ಯವೋ, ಬೇಕೆಂದೇ ಮಾಡಿದ್ದೋ?

ಪ್ರಶ್ನೆ: ಒಂದೇ ಕಡೆ ಉಂಡ ಹತ್ತಾರು ಮಂದಿಗೆ ವಾಂತಿಭೇದಿಯಾದಾಗ, ಅದು ಅಡುಗೆಯವರ ಅಜಾಗ್ರತೆಯೋ, ಯಾರೋ ಬೇಕೆಂದೇ ಬೆರೆಸಿದ್ದೋ ಎಂದು ಹೇಗೆ ಪತ್ತೆ ಮಾಡುತ್ತಾರೆ?

ಉತ್ತರ: ರೋಗಲಕ್ಷಣ ನೋಡಿ ಇದನ್ನು ಹೇಳಲಾಗದು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಆಹಾರಕ್ಕೆ ತಾನಾಗಿ ಸೇರಿದರೂ, ಯಾರಾದರೂ ಸೇರಿಸಿದರೂ ಕಾಯಿಲೆ ಒಂದೇ. ಹಾಗಾಗಿ ತನಿಖೆ ಶುರುವಾಗುವುದು ಎರಡಕ್ಕೂ ಒಂದೇ ರೀತಿ.

ಮೊದಲು ಸಮಯ. ಉಂಡ ಕೆಲವೇ ನಿಮಿಷಗಳಲ್ಲಿ ವಾಂತಿಯಾದರೆ ರಾಸಾಯನಿಕದ ಮೇಲೆ ಗುಮಾನಿ. 1ರಿಂದ 6 ಗಂಟೆಯಾದರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವಿರಬಹುದು. ಸಾಲ್ಮೊನೆಲ್ಲಾಗೆ ಸಾಮಾನ್ಯವಾಗಿ 6ರಿಂದ 72 ಗಂಟೆ ಬೇಕು. ಆಮೇಲೆ ಏನೇನು ತಿಂದಿರಿ ಎಂದು ಕಾಯಿಲೆ ಬಿದ್ದವರನ್ನಷ್ಟೇ ಅಲ್ಲ, ಆರೋಗ್ಯವಾಗಿ ಉಳಿದವರನ್ನೂ ಕೇಳಲೇಬೇಕು. ಒಂದು ಪದಾರ್ಥ ತಿಂದ 50 ಜನರಲ್ಲಿ 35, ತಿನ್ನದ 40ರಲ್ಲಿ 4 ಮಂದಿ ಕಾಯಿಲೆ ಬಿದ್ದಿದ್ದರೆ ಲೆಕ್ಕ ಶೇ. 70 ಮತ್ತು ಶೇ. 10, ಅಪಾಯ ಏಳು ಪಟ್ಟು. ಅದು ಎಷ್ಟು ಬೆಂದಿತ್ತು, ಎಷ್ಟು ಹೊತ್ತು ಹೊರಗಿತ್ತು ಎಂದು ಬೆನ್ನು ಹತ್ತಿದರೆ ಬಹುತೇಕ ಸಲ ತಪ್ಪು ಅಲ್ಲೇ ಸಿಗುತ್ತದೆ.

ಸಿಗದಿದ್ದರೆ ಅನುಮಾನ ಪಡಬೇಕು. 1984ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ದ ಡಾಲ್ಸ್ ಪಟ್ಟಣದಲ್ಲಿ 751 ಮಂದಿಗೆ ಸಾಲ್ಮೊನೆಲ್ಲಾ ತಗುಲಿತು. ಹತ್ತು ರೆಸ್ಟೋರೆಂಟುಗಳು, ಎರಡು ಅಲೆ. ಎಲ್ಲಕ್ಕೂ ಸಮಾನವಾದ ನೀರಿಲ್ಲ, ಸರಬರಾಜುದಾರರಿಲ್ಲ, ಹೊಂದುವುದು ಸಲಾಡ್ ಬಾರ್ (ಗಿರಾಕಿಗಳೇ ಬಡಿಸಿಕೊಳ್ಳುವ ಹಸಿ ತರಕಾರಿಯ ಸಾಲು) ಮಾತ್ರ. ಆದರೂ ಮೊದಲಿಗೆ ಆಹಾರ ಮುಟ್ಟುವ ಕೆಲಸಗಾರರ ಕೈಯೇ ಕಾರಣ ಎನ್ನಲಾಯಿತು. ಮರುವರ್ಷ ರಜನೀಶ್ ಅನುಯಾಯಿಗಳ ನೆಲೆಯ ಪ್ರಯೋಗಾಲಯದಲ್ಲಿ ಅದೇ ತಳಿಯ ಸಾಲ್ಮೊನೆಲ್ಲಾ ಸಿಕ್ಕಾಗಲೇ, ಬೇಕೆಂದೇ ಬೆರೆಸಿದ್ದೆಂಬ ಸತ್ಯ ಹೊರಬಿತ್ತು. ಉದ್ದೇಶ ಕಾಣದು, ಹೊಣೆ ಹೊತ್ತವರಿಲ್ಲ ಎಂಬ ಕಾರಣಕ್ಕೆ ಈ ಸಾಧ್ಯತೆಯನ್ನು ಎಂದೂ ಕೈಬಿಡಬಾರದು.

ಅಪರೂಪದ ರೋಗಾಣು ದೊಡ್ಡ ಸುಳಿವು. 1996ರಲ್ಲಿ ಟೆಕ್ಸಾಸ್‌ನ ಆಸ್ಪತ್ರೆಯೊಂದರ ಪ್ರಯೋಗಾಲಯದ 12 ಸಿಬ್ಬಂದಿಗೆ ಅಲ್ಲಿ ತೀರಾ ವಿರಳವಾದ ಶಿಗೆಲ್ಲಾ ಡಿಸೆಂಟರಿಯೆ 2ನೇ ಬಗೆ ಎಂಬ ಬ್ಯಾಕ್ಟೀರಿಯಾ ತಗುಲಿತು. ರೋಗಿಗಳ ಮಲ, ಅವರು ತಿಂದು ಉಳಿದಿದ್ದ ಮಫಿನ್ (ಸಣ್ಣ ಕೇಕ್), ಪ್ರಯೋಗಾಲಯದಲ್ಲೇ ಇಟ್ಟಿದ್ದ ರೋಗಾಣು ಸಂಗ್ರಹ ಮೂರರಲ್ಲೂ ಡಿಎನ್ಎ ನಮೂನೆ ಒಂದೇ ಆಗಿತ್ತು.

ಇಂಥ ತಾಳೆ ನೋಡಲು ಮಾದರಿ ಉಳಿದಿರಬೇಕು. ಮಿಕ್ಕ ಆಹಾರ ಚೆಲ್ಲಿ ಪಾತ್ರೆ ತೊಳೆದರೆ ಅರ್ಧ ಸಾಕ್ಷ್ಯ ಹೋದಂತೆ. ಮಲದ ಮಾದರಿಯನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಯಬೇಕು. ಆಹಾರವನ್ನು ಮುಚ್ಚಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಬೇಕು, ಆದರೆ ಹೆಪ್ಪುಗಟ್ಟಿಸಬಾರದು. ಯಾರು, ಯಾವಾಗ ತೆಗೆದರು, ಯಾರ ಕೈಗೆ ಕೊಟ್ಟರು ಎಂದು ಬರೆದು ಸೀಲು ಹಾಕದಿದ್ದರೆ ನ್ಯಾಯಾಲಯದಲ್ಲಿ ಅದು ನಿಲ್ಲದು. ತಳಿ ಒಂದೇ ಎಂದು ಪ್ರಯೋಗಾಲಯ ಹೇಳಬಲ್ಲದು; ಬೇಕೆಂದೇ ಬೆರೆಸಿದರೆಂದು ಸಾಬೀತು ಮಾಡುವುದು ಪೊಲೀಸರ ಕೆಲಸ. ಅದಕ್ಕೇ ಗುಮಾನಿ ಬಂದ ದಿನವೇ ಅವರನ್ನು ಜೊತೆಗೆ ಸೇರಿಸಿಕೊಳ್ಳಬೇಕು.