ಟೆಕ್ಸ್ಟ್‌ಫ್ಲೋಟ್‌ಸೆಪ್: ಕೋಷ್ಟಕಕ್ಕೂ ಪಠ್ಯಕ್ಕೂ ನಡುವಿನ ಅಂತರ

ಪ್ರಬಂಧ, ಪುಸ್ತಕಗಳ ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಪುಟದ ತಲೆಗೋ ಬುಡಕ್ಕೋ ಹೋಗಿ ಕೂತ ಕೋಷ್ಟಕಕ್ಕೂ ಪಠ್ಯಕ್ಕೂ ನಡುವೆ ಉಳಿಯುವ ಖಾಲಿ ಜಾಗದ ಅಳತೆಯನ್ನು ‘ಟೆಕ್ಸ್ಟ್‌ಫ್ಲೋಟ್‌ಸೆಪ್’ ಎನ್ನುತ್ತಾರೆ. ಕಡತದಲ್ಲಿ ಇದನ್ನು ಬ್ಯಾಕ್‌ಸ್ಲ್ಯಾಶ್‌ನ ನಂತರ ಸಣ್ಣ ರೋಮನ್ ಅಕ್ಷರಗಳಲ್ಲಿ ಒಂದೇ ಪದವಾಗಿ ಟೈಪ್ ಮಾಡಬೇಕು. ಆರ್ಟಿಕಲ್, ರಿಪೋರ್ಟ್ ಎಂಬ ಸಿದ್ಧ ವಿನ್ಯಾಸಗಳಲ್ಲಿ ಇದರ ಬೆಲೆ 20 ಪಾಯಿಂಟ್, ಅಂದರೆ ಸುಮಾರು 7 ಮಿಲಿಮೀಟರ್. ಜೊತೆಗೆ 2 ಪಾಯಿಂಟ್ ಹಿಗ್ಗಲು, 4 ಪಾಯಿಂಟ್ ಕುಗ್ಗಲು ಅವಕಾಶವಿದೆ. ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ರೊಬಸ್ಟಾ ಕಾಫಿ ಗಿಡಕ್ಕೆ ಹತ್ತಡಿ ಎಂದು ಹಗ್ಗ ಹಿಡಿದು ಗೂಟ ಹೊಡೆದರೆ ಆ ಅಂತರ ಮತ್ತೆ ಕದಲುವುದಿಲ್ಲ. ಇದು ಹಾಗಲ್ಲ, ಪುಟದ ಎತ್ತರವನ್ನು ಸರಿದೂಗಿಸಲು ತುಸು ಬಾಗುತ್ತದೆ.

ಕೋಷ್ಟಕವು ಪಠ್ಯದ ನಡುವೆಯೇ ನಿಂತರೆ ಮಾತ್ರ ಲೆಕ್ಕ ಬೇರೆ. ಆಗ ಮೇಲೂ ಕೆಳಗೂ ಅನ್ವಯಿಸುವುದು ‘ಇನ್‌ಟೆಕ್ಸ್ಟ್‌ಸೆಪ್’, ಒಂದರ ಕೆಳಗೊಂದು ಬಂದ ಎರಡು ಕೋಷ್ಟಕಗಳ ನಡುವಿನದು ‘ಫ್ಲೋಟ್‌ಸೆಪ್’. ಮೂರನ್ನೂ ಕಡತದ ಆರಂಭದಲ್ಲಿ ‘ಸೆಟ್‌ಲೆಂತ್’ ಆದೇಶದಿಂದ ಒಮ್ಮೆ ಬದಲಿಸಿದರೆ ಇಡೀ ಪ್ರಬಂಧಕ್ಕೆ ಸಾಕು.

ಹೆಚ್ಚಿನವರು ಹೀಗೆ ಮಾಡುವುದಿಲ್ಲ. ಮೂಡಿಗೆರೆ ಕಡೆಯ ವಿದ್ಯಾರ್ಥಿಯೊಬ್ಬರ ಕಾಫಿ ಪ್ರಬಂಧವನ್ನು ನೋಡಿಕೊಡುತ್ತಿದ್ದಾಗ, ಹೂಮಳೆಯ ಕೋಷ್ಟಕದ ಕೆಳಗೆ ಜಾಗ ಹೆಚ್ಚಾಯಿತೆಂದು ಅವರು ಕೋಷ್ಟಕ ಮುಗಿದ ಮರುಸಾಲಿನಲ್ಲೇ ಮೈನಸ್ 10 ಪಾಯಿಂಟ್‌ನ ‘ವಿಸ್ಪೇಸ್’, ಅಂದರೆ ಮೇಲೆ-ಕೆಳಗಿನ ಜಾಗ ಹೆಚ್ಚುಕಡಿಮೆ ಮಾಡುವ ಆದೇಶ, ಹಾಕಿದ್ದುದು ಕಂಡಿತು. ಕೋಷ್ಟಕವೋ ತೇಲಿಕೊಂಡು ಮುಂದಿನ ಪುಟದ ತಲೆಗೆ ಹೋಗಿತ್ತು. ಆದೇಶ ಮಾತ್ರ ಬರೆದಲ್ಲೇ ಉಳಿದು, ಅಲ್ಲಿದ್ದ ಎರಡು ಪ್ಯಾರಾಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಕೋಷ್ಟಕದ ಕೆಳಗಿನ ಅಂತರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಆ ಸಾಲನ್ನು ಅಳಿಸಿ ಟೆಕ್ಸ್ಟ್‌ಫ್ಲೋಟ್‌ಸೆಪ್ಪನ್ನು 12 ಪಾಯಿಂಟ್‌ಗೆ ಇಳಿಸಿದ ಮೇಲೆ ಪುಟ ಸರಿಹೋಯಿತು. ಕೋಷ್ಟಕವನ್ನು ನಡುವಿಗೆ ತರಲು ‘ಸೆಂಟರ್’ ಎನ್ವಿರಾನ್‌ಮೆಂಟ್ (ಆರಂಭ, ಅಂತ್ಯದ ಆದೇಶಗಳ ನಡುವಿನ ಆವರಣ) ಬಳಸಿದರೂ ಮೇಲೆ ಕೆಳಗೆ ಹೆಚ್ಚುವರಿ ಜಾಗ ಸೇರಿಕೊಳ್ಳುತ್ತದೆ. ಅದರ ಬದಲು ‘ಸೆಂಟರಿಂಗ್’ ಎಂಬ ಆದೇಶ ಒಂದೇ ಸಾಲದೆ?

ಶೀರ್ಷಿಕೆಯ ಜಾಗ ಇವುಗಳಲ್ಲಿ ಸೇರುವುದಿಲ್ಲ. ಆರ್ಟಿಕಲ್, ರಿಪೋರ್ಟ್ ವಿನ್ಯಾಸಗಳು ಶೀರ್ಷಿಕೆಯ ಮೇಲೆ 10 ಪಾಯಿಂಟ್ ಬಿಟ್ಟು, ಕೆಳಗೆ ಸೊನ್ನೆ ಬಿಡುತ್ತವೆ. ಚಿತ್ರದ ಅಡಿಯಲ್ಲಿ ಬರೆಯುವ ಶೀರ್ಷಿಕೆಗೆ ಇದು ಹೊಂದುತ್ತದೆ. ನಮ್ಮಲ್ಲಿ ರೂಢಿಯಿರುವಂತೆ ಕೋಷ್ಟಕದ ತಲೆಯ ಮೇಲೆ ಬರೆದರೆ ಅಕ್ಷರಗಳು ಮೊದಲ ಗೆರೆಗೆ ಅಂಟಿಕೊಳ್ಳುತ್ತವೆ. ಆಗ ಶೀರ್ಷಿಕೆಯ ಕೆಳಗಿನ ಜಾಗದ ಅಳತೆಯಾದ ‘ಬಿಲೋಕ್ಯಾಪ್ಷನ್‌ಸ್ಕಿಪ್’ಗೆ 6 ಪಾಯಿಂಟ್ ಕೊಟ್ಟುಬಿಡುವುದು ನನ್ನ ಅಭ್ಯಾಸ.