ಪದ ಪರಿಚಯ: ಡಿಫ್ ಲಾಕರ್, ಅದರ ಜೊತೆಗೇ ಬರುವ ಕ್ರೌನ್-ಪಿನಿಯನ್ ಕೆಲಸ

ಟ್ರಕ್ಕಿನ ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತಿದೆ. ಇನ್ನೊಂದು ಗಟ್ಟಿ ನೆಲದ ಮೇಲೇ ಇದೆ, ಆದರೆ ಕದಲುತ್ತಿಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಅಷ್ಟೇ. ಎಂಜಿನ್‌ಗೆ ಶಕ್ತಿ ಸಾಲದು ಅಂತಲ್ಲ, ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಕೆಟ್ಟಿದೆ ಅಂತಲೂ ಅಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ತೊಂದರೆಯೇ ಅದು. ಆ ಕೆಲಸವನ್ನು ಬೇಕೆಂದಾಗ ತಡೆದು, ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಭಾಗಕ್ಕೆ ಡಿಫ್ ಲಾಕರ್ ಅಥವಾ ಸುಮ್ನೆ ಲಾಕರ್ ಅನ್ನುತ್ತಾರೆ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಎರಡನ್ನೂ ಒಂದೇ ಕಂಬಿಗೆ ಬಿಗಿದರೆ ಟೈರ್ ಉಜ್ಜಿಕೊಂಡೇ ತಿರುಗಬೇಕಾಗುತ್ತದೆ. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿ ಗಾಡಿಗೆಂದು ಪೇಟೆಂಟ್ ಮಾಡಿದ ಡಿಫರೆನ್ಷಿಯಲ್ ಎರಡೂ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಟ್ಟು ಈ ತೊಂದರೆಯನ್ನು ಬಗೆಹರಿಸಿತು. ಇಂದಿನ ವಾಹನಗಳಲ್ಲೂ ಇರುವುದು ಅದೇ ತತ್ವ.

ಇಲ್ಲಿ ಒಂದು ತಪ್ಪು ಮಾತು ಬಹಳ ಚಾಲ್ತಿಯಲ್ಲಿದೆ: "ಎಲ್ಲ ಬಲವೂ ಜಾರುವ ಚಕ್ರಕ್ಕೇ ಹೋಗಿಬಿಡುತ್ತದೆ" ಅನ್ನುವುದು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಯಾವಾಗಲೂ ಹೆಚ್ಚುಕಡಿಮೆ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಕೆಸರಿನಲ್ಲಿರುವ ಚಕ್ರವನ್ನು ತಿರುಗಿಸಲು ಬೇಕಾಗುವ ಟಾರ್ಕ್ ತೀರಾ ಕಡಿಮೆ. ಹಾಗಾಗಿ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗುತ್ತದೆ, ಅದು ಗಾಡಿಯನ್ನು ಎಳೆಯಲು ಸಾಲುವುದಿಲ್ಲ. ಲಾಕರ್ ಹಾಕಿದಾಗ ಈ ಸಮಪಾಲಿನ ಲೆಕ್ಕ ಮುರಿಯುತ್ತದೆ. ಹಿಡಿತ ಇರುವ ಚಕ್ರ ತನಗೆ ಬೇಕಾದಷ್ಟನ್ನು, ಬೇಕಿದ್ದರೆ ಪೂರ್ತಿಯನ್ನು ತೆಗೆದುಕೊಳ್ಳುತ್ತದೆ. ಇದರ ಇನ್ನೊಂದು ಮುಖವೂ ಇದೆ. ಎರಡು ಆಕ್ಸಲ್ ಶಾಫ್ಟ್ ಹಂಚಿಕೊಳ್ಳುತ್ತಿದ್ದ ಬಲ ಒಂದರ ಮೇಲೇ ಬೀಳಬಹುದು. ಲಾಕರ್ ಹಾಕಿದ ಮೇಲೆ ಹಳೆಯ ಶಾಫ್ಟ್ ಮುರಿಯುವುದು ಅದಕ್ಕೇ.

ಲಾಕರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚಾಲಕ ಸ್ವಿಚ್ ಒತ್ತಿದಾಗ ಮಾತ್ರ ಕಚ್ಚಿಕೊಳ್ಳುವಂಥದ್ದು. ಎಆರ್‌ಬಿ ಕಂಪನಿಯ ಏರ್ ಲಾಕರ್‌ಗೆ ಗಾಳಿಯ ಒತ್ತಡ ಬೇಕು, ಈಟನ್‌ನ ಇ-ಲಾಕರ್‌ಗೆ ಬ್ಯಾಟರಿಯ ಕರೆಂಟ್ ಸಾಕು. ಇನ್ನೊಂದು ಬಗೆ ತಾನಾಗಿಯೇ ಕೆಲಸ ಮಾಡುತ್ತದೆ. ಡೆಟ್ರಾಯ್ಟ್ ಲಾಕರ್ ಇದಕ್ಕೆ ಹಳೆಯ, ಹೆಸರುವಾಸಿ ಉದಾಹರಣೆ. ಅದು ಸದಾ ಲಾಕ್ ಆಗಿಯೇ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಿದಾಗ ಮಾತ್ರ ಆ ಬದಿಯನ್ನು ಬಿಟ್ಟುಕೊಡುತ್ತದೆ. ಆಗ ಕಟಕಟ ಸದ್ದು ಬರುವುದು ಮಾಮೂಲು, ಗಾಬರಿ ಬೇಡ. ದಿನವೂ ಡಾಂಬರು ರಸ್ತೆಯಲ್ಲಿ ಓಡುವ ಗಾಡಿಗೆ ನಾನು ಸ್ವಿಚ್ ಇರುವುದನ್ನೇ ಆರಿಸುತ್ತೇನೆ. ಮುಂದಿನ ಆಕ್ಸಲ್‌ಗಂತೂ ಅದೇ ಸರಿ, ಏಕೆಂದರೆ ಮುಂದೆ ಲಾಕ್ ಆಗಿದ್ದರೆ ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹಿಮದಲ್ಲಿ, ಅಡ್ಡ ಇಳಿಜಾರಿನಲ್ಲಿ ಲಾಕರ್ ಉಪದ್ರವವೂ ಆಗಬಲ್ಲದು. ಎರಡೂ ಚಕ್ರ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ.

ಲಿಮಿಟೆಡ್ ಸ್ಲಿಪ್ ಅನ್ನುವುದು ಬೇರೆ. ಅದು ಕ್ಲಚ್ ಪ್ಲೇಟುಗಳ ಉಜ್ಜುವಿಕೆಯಿಂದಲೋ ಗೇರುಗಳಿಂದಲೋ ಜಾರುವಿಕೆಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ಲಾಕ್ ಮಾಡುವುದಿಲ್ಲ.

ಸರಿ, ಲಾಕರ್ ಜೊತೆಗೆ ಗೇರ್ ಬದಲಾಯಿಸುವ ಮಾತು ಯಾಕೆ ಬರುತ್ತದೆ? ಎಂಜಿನ್ ಕಡೆಯಿಂದ ಬಂದ ಶಕ್ತಿಯನ್ನು ಆಕ್ಸಲ್ ಒಳಗೆ ತರುವ ಚಿಕ್ಕ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಬಳೆಯಂಥ ಗೇರ್ ಕ್ರೌನ್. ಈ ಕ್ರೌನ್ ಬೋಲ್ಟ್ ಆಗಿರುವುದು ಡಿಫರೆನ್ಷಿಯಲ್‌ನ ಕೇಸ್‌ಗೆ, ಅಂದರೆ ಕ್ಯಾರಿಯರ್‌ಗೆ. ಪೂರ್ಣ ಲಾಕರ್ ಬರುವುದೇ ಹೊಸ ಕ್ಯಾರಿಯರ್ ರೂಪದಲ್ಲಿ. ಹಳೆಯದನ್ನು ಹೊರತೆಗೆದು, ಕ್ರೌನ್ ಬಿಚ್ಚಿ, ಹೊಸದಕ್ಕೆ ಕೂರಿಸಿ, ಮತ್ತೆ ಎಲ್ಲ ಸೆಟ್ಟಿಂಗ್ ಮಾಡಬೇಕು. ಗೇರ್ ಬದಲಿಸಿದರೂ ಹೆಚ್ಚುಕಡಿಮೆ ಇಷ್ಟೇ ಕೆಲಸ. ಒಂದೇ ಕೂಲಿಗೆ ಎರಡೂ ಮುಗಿಯುತ್ತದೆ ಅಂದಮೇಲೆ ಬೇರೆ ಬೇರೆಯಾಗಿ ಮಾಡಿಸುವುದು ದಂಡ. ಹಳೆಯ ಕ್ಯಾರಿಯರ್ ಒಳಗೇ ಸಣ್ಣ ಗೇರುಗಳ ಜಾಗದಲ್ಲಿ ಕೂರುವ ಲಂಚ್‌ಬಾಕ್ಸ್ ಲಾಕರ್ ಮಾತ್ರ ಇದಕ್ಕೆ ಹೊರತು. ಅದಕ್ಕೆ ಕ್ರೌನ್-ಪಿನಿಯನ್ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ.

ಗೇರ್ ಬದಲಿಸುವ ಕಾರಣ ಸಾಮಾನ್ಯವಾಗಿ ಟೈರ್. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ರೇಷಿಯೋ ಸಿಗುತ್ತದೆ. 41 ಹಲ್ಲಿನ ಕ್ರೌನ್, 10 ಹಲ್ಲಿನ ಪಿನಿಯನ್ ಇದ್ದರೆ 4.10. ಈ ಗಾಡಿಗೆ 31 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿ ನೋಡಿ. ಚಕ್ರ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಎಂಜಿನ್‌ಗೆ ರೇಷಿಯೋ 3.63ಕ್ಕೆ ಇಳಿದಂತೆ ಅನ್ನಿಸುತ್ತದೆ. ಗಾಡಿ ಏರು ಹತ್ತಲು ಏದುಸಿರು ಬಿಡುತ್ತದೆ, ಟಾಪ್ ಗೇರ್ ನಿಲ್ಲುವುದಿಲ್ಲ. ಮೊದಲಿನಂತೆ ಆಗಲು ಸುಮಾರು 4.63 ಬೇಕು. ಹತ್ತಿರದ್ದು 41ಕ್ಕೆ 9 ಹಲ್ಲಿನ 4.56. ದೊಡ್ಡ ಟೈರಿನ ತೂಕವನ್ನೂ ಲೆಕ್ಕಕ್ಕೆ ಹಿಡಿದು 39ಕ್ಕೆ 8 ಹಲ್ಲಿನ 4.88ಕ್ಕೆ ಹೋಗುವವರೂ ಇದ್ದಾರೆ. ಆದರೆ ಗಮನಿಸಿ: ಕ್ರೌನ್‌ನ ಅಗಲ ಬದಲಾಗುವುದಿಲ್ಲ, ಚಿಕ್ಕದಾಗುವುದು ಪಿನಿಯನ್. ಪಿನಿಯನ್ ಚಿಕ್ಕದಾದಷ್ಟೂ ಬಲ ಕಡಿಮೆ. ಸುಮ್ನೆ ದೊಡ್ಡ ಸಂಖ್ಯೆಯ ಹಿಂದೆ ಬೀಳಬೇಡಿ.

ಕೊಳ್ಳುವಾಗ ರೇಷಿಯೋ ಮೊದಲು ತೀರ್ಮಾನ ಆಗಬೇಕು, ಲಾಕರ್ ಆಮೇಲೆ. ಪಿನಿಯನ್ ತೀರಾ ಚಿಕ್ಕದಾದಾಗ ಕ್ರೌನ್ ಅದನ್ನು ಮುಟ್ಟಲು ಕ್ಯಾರಿಯರ್‌ನ ಅಳತೆಯೇ ಬೇರೆ ಬೇಕಾಗುತ್ತದೆ. ಉದಾಹರಣೆಗೆ, ಡಾನಾ ಕಂಪನಿಯ 44 ಮಾದರಿಯ ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲೆ ಇನ್ನೊಂದು. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್ ರೇಷಿಯೋವನ್ನೂ ಬದಲಿಸಲೇಬೇಕು. ಎರಡೂ ಹೊಂದದಿದ್ದರೆ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಎಳೆದಾಟ ಬೀಳುತ್ತದೆ.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಹೇಳುವುದೇನಿಲ್ಲ. ಆಯಿಲ್ ಇಳಿಸಿ, ಆಕ್ಸಲ್ ಶಾಫ್ಟ್ ಎಳೆದು, ಬೇರಿಂಗ್ ಕ್ಯಾಪ್ ತೆಗೆದು ಕ್ಯಾರಿಯರ್ ಹೊರಗೆ. ಕ್ಯಾಪ್‌ಗಳಿಗೆ ಮೊದಲೇ ಪಂಚ್‌ನಲ್ಲಿ ಗುರುತು ಹೊಡೆಯಬೇಕು, ಅವು ಅದೇ ಬದಿಗೆ, ಅದೇ ಮುಖವಾಗಿಯೇ ವಾಪಸ್ ಕೂರಬೇಕು. ಕೆಲವು ಆಕ್ಸಲ್‌ಗಳಲ್ಲಿ ಕ್ರೌನ್ ಬೋಲ್ಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು ಮುರಿದವರು ಕಡಿಮೆ ಇಲ್ಲ. ಏರ್ ಲಾಕರ್ ಆದರೆ ಗಾಳಿಯ ಪೈಪಿಗೆ ಹೌಸಿಂಗ್‌ನಲ್ಲಿ, ಅಂದರೆ ಆಕ್ಸಲ್‌ನ ಹೊರಕವಚದಲ್ಲಿ, ತೂತು ಕೊರೆಯಬೇಕು. ಆಮೇಲೆ ಒಳಗೆ ಒಂದು ಚೂರು ಲೋಹವೂ ಉಳಿಯಬಾರದು.

ನಿಜವಾದ ಕೆಲಸ ಇರುವುದು ಸೆಟ್ಟಿಂಗ್‌ನಲ್ಲಿ. ದುಬಾರಿ ಗೇರ್, ದುಬಾರಿ ಲಾಕರ್ ಎರಡೂ ಇಲ್ಲಿ ಸರಿಯಾಗದಿದ್ದರೆ ಬೇಗ ಹಾಳಾಗುತ್ತವೆ. ನೋಡಬೇಕಾದದ್ದು ಪಿನಿಯನ್ ಡೆಪ್ತ್, ಪ್ರೀಲೋಡ್, ಬ್ಯಾಕ್‌ಲ್ಯಾಶ್. ಇವು ಮೂರೂ ಒಂದಕ್ಕೊಂದು ತಗುಲಿಕೊಂಡಿವೆ. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮತ್ತೆ ಅಳೆಯಬೇಕು.

ಡೆಪ್ತ್ ಅಂದರೆ ಪಿನಿಯನ್ ತಲೆ ಕ್ರೌನ್ ಕಡೆಗೆ ಎಷ್ಟು ಒಳಗೆ ನಿಲ್ಲುತ್ತದೆ ಅನ್ನುವುದು. ಹೆಚ್ಚಿನ ಆಕ್ಸಲ್‌ಗಳಲ್ಲಿ ಪಿನಿಯನ್ ತಲೆಯ ಹತ್ತಿರದ ಬೇರಿಂಗ್ ಬಳಿ ಶಿಮ್ ಅನ್ನುವ ತೆಳುವಾದ ಲೋಹದ ಬಿಲ್ಲೆ ಹಾಕಿ ಇದನ್ನು ಹೊಂದಿಸುತ್ತಾರೆ. ಒಂದೇ ಸಲಕ್ಕೆ ಸರಿ ಬರುವುದು ಅಪರೂಪ. ಪ್ರತಿ ಸಲ ಪ್ರೆಸ್ ಹಾಕಿ ಬೇರಿಂಗ್ ಕೀಳುವ ಬದಲು, ಅನುಭವಸ್ಥರು ಹಳೆಯ ಬೇರಿಂಗ್‌ನ ಒಳತೂತನ್ನು ಸ್ವಲ್ಪ ಉಜ್ಜಿ ಸಡಿಲ ಮಾಡಿಟ್ಟುಕೊಳ್ಳುತ್ತಾರೆ. ಅದರಲ್ಲಿ ಪರೀಕ್ಷೆ ಮುಗಿಸಿ, ಕೊನೆಗೆ ಹೊಸದನ್ನು ಹೊಡೆಯುತ್ತಾರೆ.

ಬ್ಯಾಕ್‌ಲ್ಯಾಶ್ ಅಂದರೆ ಎರಡು ಗೇರ್‌ಗಳ ಹಲ್ಲಿನ ನಡುವಿನ ಸಣ್ಣ ಪ್ಲೇ. ಪಿನಿಯನ್ ಅಲುಗಾಡದಂತೆ ಹಿಡಿದು, ಕ್ರೌನ್ ಹಲ್ಲಿಗೆ ಡಯಲ್ ಗೇಜ್ ತಾಗಿಸಿ ಆಚೀಚೆ ಆಡಿಸಿ ಅಳೆಯುತ್ತಾರೆ. ಬಹಳಷ್ಟು ಗೇರ್ ಸೆಟ್‌ಗಳಿಗೆ 0.15ರಿಂದ 0.25 ಮಿಲಿಮೀಟರ್ ಸರಿ. ಆದರೂ ಗೇರ್ ಜೊತೆ ಬಂದ ಚೀಟಿಯಲ್ಲಿ ಇರುವ ಅಳತೆಯೇ ಕೊನೆಯ ಮಾತು. ಕಡಿಮೆಯಾದರೆ ಬಿಸಿಗೆ ಲೋಹ ಹಿಗ್ಗಿ ಹಲ್ಲು ಕಚ್ಚುತ್ತದೆ, ಜಾಸ್ತಿಯಾದರೆ ಹಲ್ಲಿಗೆ ಹೊಡೆತ ಬೀಳುತ್ತದೆ. ಕ್ಯಾರಿಯರ್‌ನ ಎಡಬಲದ ಶಿಮ್ ಬದಲಿಸಿ ಇದನ್ನು ಸರಿಮಾಡುತ್ತಾರೆ.

ಅಳತೆ ಎಷ್ಟೇ ಸರಿ ಬಂದರೂ ಕೊನೆಯ ತೀರ್ಪು ಹಲ್ಲಿನ ಗುರುತಿನದು. ಕ್ರೌನ್‌ನ ಕೆಲವು ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು, ಸ್ವಲ್ಪ ತಡೆ ಕೊಟ್ಟು ಎರಡೂ ದಿಕ್ಕಿಗೆ ತಿರುಗಿಸಿದರೆ ಪಿನಿಯನ್ ಎಲ್ಲಿ ಮುಟ್ಟುತ್ತಿದೆ ಅನ್ನುವುದು ಕಾಣುತ್ತದೆ. ಗುರುತು ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ತುದಿಯಲ್ಲಿ ಬಿದ್ದರೆ ಹೊರಗಿದೆ. ಹಲ್ಲಿನ ಉದ್ದದಲ್ಲಿ ಸ್ವಲ್ಪ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಎತ್ತರದಲ್ಲಿ ಮಾತ್ರ ನಡುವೆಯೇ ಬರಬೇಕು. ಇದನ್ನು ಅವಸರದಲ್ಲಿ ಬಿಟ್ಟ ಗಾಡಿ ರಸ್ತೆಗಿಳಿದ ಕೂಡಲೇ ಗುಂಯ್ ಅನ್ನತೊಡಗುತ್ತದೆ. ಆಗ ಮತ್ತೆ ಮೊದಲಿಂದ ಬಿಚ್ಚಬೇಕು.

ಪ್ರೀಲೋಡ್ ಪಿನಿಯನ್ ಬೇರಿಂಗ್‌ಗಳ ಬಿಗಿತ. ಅನೇಕ ಆಕ್ಸಲ್‌ಗಳಲ್ಲಿ ಕ್ರಷ್ ಸ್ಲೀವ್ ಅನ್ನುವ ಬಳೆ ಇರುತ್ತದೆ. ಪಿನಿಯನ್ ನಟ್ ಬಿಗಿದಂತೆ ಅದು ಕುಸಿಯುತ್ತದೆ. ಅದನ್ನು ಕುಸಿಯಿಸಲು ಭಾರಿ ಬಲ ಬೇಕು, ಆದರೆ ಬೇರಿಂಗ್ ಹದಕ್ಕೆ ಬರುವುದು ನಟ್ಟಿನ ಒಂದು ಚೂರು ತಿರುವಿನಲ್ಲಿ. ಸ್ವಲ್ಪ ಜಾಸ್ತಿ ಬಿಗಿದರೆ ಸಡಿಲಿಸಿ ಸರಿಮಾಡುವಂತಿಲ್ಲ, ಹೊಸ ಸ್ಲೀವ್ ಹಾಕಬೇಕು. ಒಂದೆರಡು ಹೆಚ್ಚುವರಿ ಇಟ್ಟುಕೊಂಡೇ ಕೆಲಸಕ್ಕೆ ಕೂರುವುದು ಒಳ್ಳೆಯದು.

ಹೊಸ ಗೇರ್‌ಗಳನ್ನು ಪಳಗಿಸಬೇಕು. ಮೊದಲ ಸಲ ಹದಿನೈದು ಇಪ್ಪತ್ತು ನಿಮಿಷ ಹಗುರವಾಗಿ ಓಡಿಸಿ, ಆಕ್ಸಲ್ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಕೆಲವು ಸಲ ಮಾಡಿ. ಸುಮಾರು 800 ಕಿಲೋಮೀಟರ್ ಆಗುವವರೆಗೆ ಟ್ರೇಲರ್ ಎಳೆಯುವುದು ಬೇಡ, ಆಮೇಲೆ ಆಯಿಲ್ ಬದಲಿಸಿ. ಆ ಹಳೆಯ ಆಯಿಲ್‌ನಲ್ಲಿ ಸಣ್ಣ ಲೋಹದ ಪುಡಿ ಕಾಣುವುದು ಸಹಜ, ತುಂಡುಗಳು ಕಂಡರೆ ಮಾತ್ರ ಕವರ್ ಬಿಚ್ಚಿ ನೋಡಬೇಕು. ಸ್ಪೀಡೋಮೀಟರ್ ಗೇರ್‌ಬಾಕ್ಸ್ ಕಡೆಯಿಂದ ಲೆಕ್ಕ ತೆಗೆದುಕೊಳ್ಳುವ ಗಾಡಿಯಾದರೆ ಅದನ್ನೂ ಹೊಸ ರೇಷಿಯೋ, ಹೊಸ ಟೈರ್‌ಗೆ ತಕ್ಕಂತೆ ಸರಿಪಡಿಸಿಕೊಳ್ಳಿ.