ಜಲಾಂತರ್ಗಾಮಿಯ ಶುರುವಿನ ಕಾಲ: ಕೈಹಿಡಿಕೆಯಿಂದ ಬ್ಯಾಟರಿಯವರೆಗೆ

ಈ ಪಾಠ ಓದುವಾಗ ನಾವೆಲ್ಲ ಮೊದಲು ಇಸವಿಗಳ ಪಟ್ಟಿ ಮಾಡಿಕೊಳ್ಳುತ್ತೇವೆ. 1776 ಟರ್ಟಲ್, 1864 ಹನ್ಲಿ, 1900 ಹಾಲೆಂಡ್. ಪಟ್ಟಿ ಸರಿ, ಆದರೆ ಬಾಯಿಪಾಠ ಮಾಡಿದರೆ ತಲೆಗೆ ಏನೂ ಹತ್ತುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಹಿಡಿದುಕೊಂಡು ಓದಿ. ನೀರೊಳಗೆ ನೌಕೆಯನ್ನು ಯಾವ ಬಲ ಓಡಿಸುತ್ತದೆ? ಬೇಕಾದ ಆಳದಲ್ಲಿ ಅದು ಹೇಗೆ ನಿಲ್ಲುತ್ತದೆ? ಶತ್ರು ಹಡಗಿಗೆ ಹೊಡೆದು ತಾನು ಹೇಗೆ ಉಳಿಯುತ್ತದೆ? ಮೊದಮೊದಲ ನೌಕೆಗಳೆಲ್ಲ ಇವುಗಳಲ್ಲಿ ಯಾವುದಾದರೊಂದರಲ್ಲಿ ಸೋತಿವೆ.

ಟರ್ಟಲ್ ನೋಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ ಕನೆಕ್ಟಿಕಟ್‌ನ ಡೇವಿಡ್ ಬುಶ್ನೆಲ್ ಕಟ್ಟಿದ್ದು. ಮೊಟ್ಟೆಯಾಕಾರದ ಮರದ ಗೂಡು, ಒಳಗೆ ಒಬ್ಬನೇ ಆಳು. ಪ್ರೊಪೆಲ್ಲರ್ ತಿರುಗಿಸುವುದೂ ಅವನೇ, ಚುಕ್ಕಾಣಿ ಹಿಡಿಯುವುದೂ ಅವನೇ, ನೀರು ಪಂಪ್ ಮಾಡುವುದೂ ಅವನೇ. ಗಾಳಿ ಸುಮಾರು ಅರ್ಧ ಗಂಟೆಗೆ ಮಾತ್ರ. ದೀಪ ಹಚ್ಚಿದರೆ ಆ ಗಾಳಿಯೂ ಖರ್ಚು, ಅದಕ್ಕೇ ದಿಕ್ಸೂಚಿಯ ಮೇಲೆ ಕತ್ತಲಲ್ಲಿ ಹೊಳೆಯುವ ಒಂದು ಬಗೆಯ ಅಣಬೆ ಅಂಟಿಸಿದ್ದರು. 1776ರ ಸೆಪ್ಟೆಂಬರ್‌ನಲ್ಲಿ ಸಾರ್ಜೆಂಟ್ ಎಜ್ರಾ ಲೀ ಇದರಲ್ಲಿ ಕೂತು ನ್ಯೂಯಾರ್ಕ್ ಬಂದರಿನಲ್ಲಿದ್ದ ಬ್ರಿಟಿಷ್ ಹಡಗು ಈಗಲ್‌ನ ಅಡಿಗೆ ಹೋದ. ಹಡಗಿನ ತಳಕ್ಕೆ ತಿರುಪು ಕೊರೆದು ಸಿಡಿಮದ್ದು ನೇತುಹಾಕಬೇಕಿತ್ತು. ತಿರುಪು ಇಳಿಯಲಿಲ್ಲ. ತಳಕ್ಕೆ ತಾಮ್ರದ ತಗಡು ಹೊಡೆದಿದ್ದೇ ಕಾರಣ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನನಗೇಕೋ ಅದು ಪೂರ್ತಿ ಒಪ್ಪಿಗೆಯಿಲ್ಲ. ತೇಲುವ ಗೂಡಿನಲ್ಲಿ ಕೂತು ಮೇಲಕ್ಕೆ ಒತ್ತಿದರೆ ಗೂಡೇ ಕೆಳಗೆ ಸರಿಯುತ್ತದೆ, ಅಲ್ವಾ? ಇನ್ನೊಂದು ಮಾತು: ಈ ದಾಳಿಯ ಬಗ್ಗೆ ಬ್ರಿಟಿಷ್ ದಾಖಲೆಗಳಲ್ಲಿ ಸುದ್ದಿಯೇ ಇಲ್ಲ.

1800ರಲ್ಲಿ ಫ್ರಾನ್ಸ್‌ನಲ್ಲಿ ರಾಬರ್ಟ್ ಫುಲ್ಟನ್ ಕಟ್ಟಿದ ನಾಟಿಲಸ್, 1851ರಲ್ಲಿ ಕೀಲ್ ಬಂದರಿನಲ್ಲಿ ಮುಳುಗಿದ ವಿಲ್ಹೆಲ್ಮ್ ಬಾವರ್‌ನ ನೌಕೆ, ಎರಡೂ ಮನುಷ್ಯಬಲದವೇ. ಬಾವರ್ ಕಥೆಯಲ್ಲಿ ಒಂದು ವಿಷಯ ನೆನಪಿಡಿ. ತಳ ಸೇರಿದ ಮೇಲೆ ಬಾಗಿಲು ತೆಗೆಯಲು ಅವನು ಒಳಗೆ ಇನ್ನಷ್ಟು ನೀರು ಬಿಟ್ಟುಕೊಂಡ. ಒಳಗಿನ ಒತ್ತಡ ಹೊರಗಿನಷ್ಟೇ ಆಗುವವರೆಗೆ ಕಾಯ್ದ. ಆಮೇಲೆ ಬಾಗಿಲು ತೆರೆಯಿತು, ಮೂವರೂ ಬದುಕಿದರು.

ಹನ್ಲಿಯ ಹತ್ತಿರ ಸ್ವಲ್ಪ ನಿಲ್ಲೋಣ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು 1863ರಲ್ಲಿ ಮೊಬೈಲ್ ಪಟ್ಟಣದಲ್ಲಿ ಕಟ್ಟಿ, ರೈಲಿನಲ್ಲಿ ಚಾರ್ಲ್ಸ್‌ಟನ್‌ಗೆ ತಂದರು. ಸುಮಾರು 12 ಮೀಟರ್ ಉದ್ದದ ಕಬ್ಬಿಣದ ಕೊಳವೆ, ನೆಟ್ಟಗೆ ನಿಲ್ಲಲೂ ಆಗದಷ್ಟು ಗಿಡ್ಡ. ಏಳು ಜನ ಸಾಲಾಗಿ ಕೂತು ಒಂದೇ ಉದ್ದನೆಯ ಹಿಡಿಕೆ ತಿರುಗಿಸುತ್ತಿದ್ದರು. ಎಂಟನೆಯವನು ಮುಂದೆ ಕೂತು ನಡೆಸುತ್ತಿದ್ದ. ಹಿಂದೆ ಮುಂದೆ ಒಂದೊಂದು ನೀರಿನ ಟ್ಯಾಂಕ್. ಅವುಗಳ ಗೋಡೆ ಚಾವಣಿಯವರೆಗೆ ಹೋಗಿರಲಿಲ್ಲ, ಅಂದರೆ ಟ್ಯಾಂಕ್ ಉಕ್ಕಿದರೆ ನೀರು ನೇರ ಜನರ ಮೇಲೆ! ಆಗಸ್ಟ್ 29ರಂದು ಮುಳುಗಿ ಐವರು ಸತ್ತರು. ಅಕ್ಟೋಬರ್ 15ರಂದು ಮತ್ತೆ ಮುಳುಗಿ ಎಂಟು ಜನರೂ ಸತ್ತರು. ಅವರಲ್ಲಿ ಹೊರೇಸ್ ಹನ್ಲಿಯೂ ಒಬ್ಬ, ನೌಕೆಗೆ ಹೆಸರು ಬಂದಿದ್ದು ಅವನಿಂದಲೇ. ಎತ್ತಿ, ತೊಳೆದು, ಮೂರನೇ ತಂಡ ಹತ್ತಿತು. 1864ರ ಫೆಬ್ರವರಿ 17ರ ರಾತ್ರಿ ಜಾರ್ಜ್ ಡಿಕ್ಸನ್ ಮುಂದಾಳತ್ವದಲ್ಲಿ ಹೂಸಟಾನಿಕ್ ಎಂಬ ಯುದ್ಧನೌಕೆಯನ್ನು ಮುಳುಗಿಸಿದರು. ಜಲಾಂತರ್ಗಾಮಿಯೊಂದು ಶತ್ರು ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ಆದರೆ ಸಿಡಿಮದ್ದು ಇದ್ದದ್ದು ಮೂತಿಗೆ ಕಟ್ಟಿದ ಸುಮಾರು 5 ಮೀಟರ್ ಉದ್ದದ ಕೋಲಿನ ತುದಿಯಲ್ಲಿ. ಅಷ್ಟು ಹತ್ತಿರದಿಂದ ಹೊಡೆದ ಹನ್ಲಿಯೂ ವಾಪಸ್ ಬರಲಿಲ್ಲ. 2000ದಲ್ಲಿ ಮೇಲೆತ್ತಿದಾಗ ಎಂಟೂ ಜನರ ಅಸ್ಥಿ ಅವರವರ ಜಾಗದಲ್ಲೇ ಇತ್ತು. ಲೆಕ್ಕ ಹಾಕಿ: ಹೂಸಟಾನಿಕ್‌ನಲ್ಲಿ ಸತ್ತವರು ಐವರು. ಹನ್ಲಿಯೊಳಗೆ ಒಟ್ಟು ಸತ್ತವರು ಇಪ್ಪತ್ತೊಂದು.

ಮೂರನೇ ಪ್ರಶ್ನೆಗೆ ಉತ್ತರ ಬಂದಿದ್ದು ಬೇರೆ ಕಡೆಯಿಂದ. 1866ರಲ್ಲಿ ಫ್ಯೂಮೆಯಲ್ಲಿ, ಅಂದರೆ ಇಂದಿನ ಕ್ರೊಯೇಷಿಯಾದ ರಿಯೆಕಾದಲ್ಲಿ, ರಾಬರ್ಟ್ ವೈಟ್‌ಹೆಡ್ ತನ್ನಷ್ಟಕ್ಕೆ ತಾನೇ ಓಡುವ ಟಾರ್ಪೆಡೊ ಮಾಡಿದ. ಒತ್ತಿ ತುಂಬಿದ ಗಾಳಿಯೇ ಅದರ ಬಲ. ಇನ್ನು ಶತ್ರುವಿನ ಮೈಗೆ ಮೈ ತಾಗಿಸಬೇಕಿಲ್ಲ.

ಎರಡನೇ ಪ್ರಶ್ನೆಗೆ ಬರೋಣ, ಪರೀಕ್ಷೆಯಲ್ಲಿ ಹೆಚ್ಚಿನವರು ಜಾರುವ ಜಾಗ ಇದು. 1880ರ ದಶಕದಲ್ಲಿ ಸ್ವೀಡನ್‌ನ ಉದ್ಯಮಿ ನಾರ್ಡನ್‌ಫೆಲ್ಟ್ ಕಟ್ಟಿಸಿದ ನೌಕೆಗಳು ಉಗಿಯ ಎಂಜಿನ್ನಿನವು. ಗ್ರೀಸ್, ಟರ್ಕಿ ಎರಡೂ ಕೊಂಡವು. ಟಾರ್ಪೆಡೊ ಇತ್ತು, ಬಲ ಇತ್ತು, ಆದರೆ ಸಮವಾಗಿ ನಿಲ್ಲುತ್ತಿರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಟ್ಯಾಂಕ್, ಬಾಯ್ಲರ್ ಅರೆಬರೆ ತುಂಬಿದ್ದರೆ, ಮೂತಿ ಚೂರು ಬಗ್ಗಿದರೂ ಸಾಕು, ನೀರೆಲ್ಲ ಮುಂದಕ್ಕೆ ನುಗ್ಗಿ ಮೂತಿ ಇನ್ನೂ ಬಗ್ಗುತ್ತದೆ.

ಇದನ್ನು ಬಿಡಿಸಿದವರಲ್ಲಿ ಮುಖ್ಯ ಜಾನ್ ಹಾಲೆಂಡ್. ಐರ್ಲೆಂಡ್‌ನಲ್ಲಿ ಮೇಷ್ಟ್ರಾಗಿದ್ದು ಅಮೆರಿಕಕ್ಕೆ ಹೋದವನು. ಮುಳುಗುವ ಮುಂಚೆ ಮುಖ್ಯ ಟ್ಯಾಂಕುಗಳನ್ನು ಪೂರ್ತಿ ತುಂಬಿಸಿಬಿಡುವುದು ಅವನ ಲೆಕ್ಕ. ನೌಕೆಗೆ ಒಂದಿಷ್ಟೇ ತೇಲುವ ಗುಣ ಉಳಿಸಿ, ಹಿಂಬದಿಯ ಅಡ್ಡ ರೆಕ್ಕೆಗಳನ್ನು ಬಗ್ಗಿಸಿ, ಓಟದ ಬಲದಿಂದಲೇ ಕೆಳಗಿಳಿಸುವುದು. ಎಂಜಿನ್ ನಿಂತರೆ ತಾನಾಗಿ ಮೇಲೆ ಬರುತ್ತದೆ. ನೀರ ಮೇಲೆ 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಕೆಳಗೆ ಬ್ಯಾಟರಿ. ಮೇಲಿದ್ದಾಗ ಎಂಜಿನ್ನೇ ಬ್ಯಾಟರಿ ಚಾರ್ಜ್ ಮಾಡುತ್ತದೆ. 1888ರಲ್ಲೇ ಸ್ಪೇನ್‌ನ ಐಸಾಕ್ ಪೆರಾಲ್ ಬ್ಯಾಟರಿ, ಟಾರ್ಪೆಡೊ ಎರಡೂ ಇದ್ದ ನೌಕೆ ಕಟ್ಟಿದ್ದ. ಚಾರ್ಜ್ ಮಾಡುವ ಎಂಜಿನ್ ಇಲ್ಲದ್ದರಿಂದ ಅದು ದಡ ಬಿಟ್ಟು ಜಾಸ್ತಿ ದೂರ ಹೋಗುವ ಹಾಗಿರಲಿಲ್ಲ. ಹಾಲೆಂಡ್‌ನ ನೌಕೆಯನ್ನು 1900ರ ಏಪ್ರಿಲ್‌ನಲ್ಲಿ ಅಮೆರಿಕದ ನೌಕಾಪಡೆ 1,50,000 ಡಾಲರ್‌ಗೆ ಕೊಂಡಿತು. ತಮಾಷೆ ನೋಡಿ, ಅವನ ಮೊದಲ ನೌಕೆಗಳಿಗೆ ದುಡ್ಡು ಹಾಕಿದವರು ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಐರಿಷ್ ಕ್ರಾಂತಿಕಾರಿಗಳು. 1901ರಲ್ಲಿ ಬ್ರಿಟಿಷ್ ನೌಕಾಪಡೆಯ ಮೊದಲ ಜಲಾಂತರ್ಗಾಮಿ ಇಳಿದಿದ್ದು ಅವನದೇ ವಿನ್ಯಾಸದಲ್ಲಿ.

ಪೆಟ್ರೋಲ್ ಹಬೆ ಮುಚ್ಚಿದ ಒಡಲಿನಲ್ಲಿ ದೊಡ್ಡ ಅಪಾಯ. ಹಾಗಾಗಿ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಡೀಸೆಲ್ ಬಂತು.

ಹಾಲೆಂಡ್ 1914ರ ಆಗಸ್ಟ್ 12ರಂದು ತೀರಿಕೊಂಡ. ಸೆಪ್ಟೆಂಬರ್ 22ರ ಬೆಳಿಗ್ಗೆ ಉತ್ತರ ಸಮುದ್ರದಲ್ಲಿ ಜರ್ಮನಿಯ ಯು-9 ಎಂಬ ಜಲಾಂತರ್ಗಾಮಿ ಬ್ರಿಟನ್ನಿನ ಅಬೂಕಿರ್, ಹೋಗ್, ಕ್ರೆಸಿ ಎಂಬ ಮೂರು ಕ್ರೂಸರ್‌ಗಳನ್ನು ಒಂದರ ಹಿಂದೆ ಒಂದು ಮುಳುಗಿಸಿತು. ಡೀಸೆಲ್ ಕೂಡ ಇಲ್ಲದ, ಸೀಮೆಎಣ್ಣೆ ಎಂಜಿನ್ನಿನ ಹಳೇ ನೌಕೆ ಅದು. ಅಬೂಕಿರ್ ನೆಲಬಾಂಬಿನಂಥ ಮೈನ್‌ಗೆ ತಾಗಿದೆ ಅಂದುಕೊಂಡು ಉಳಿದೆರಡು ಹಡಗು ಜನರನ್ನು ಎತ್ತಿಕೊಳ್ಳಲು ಹತ್ತಿರ ಬಂದು ನಿಂತವು. ಸುಮಾರು 1,450 ಜನ ಸತ್ತರು. ಟಾರ್ಪೆಡೊ ಬಿದ್ದ ಜಾಗದಲ್ಲಿ ದೊಡ್ಡ ಹಡಗುಗಳು ಜನರನ್ನು ಉಳಿಸಲೂ ನಿಲ್ಲಬಾರದು ಎಂದು ಬ್ರಿಟಿಷ್ ನೌಕಾಪಡೆ ಆಮೇಲೆ ಆದೇಶ ಹೊರಡಿಸಿತು.